ಪರದೋಷವಿಚಾರದಲ್ಲಿ ನಿಮಿತ್ತ ಮತ್ತು ಉಪಾದಾನ

ಪರರ ವ್ರತಭಂಗವನ್ನು ಕಂಡ ಶ್ರಾವಕನು ಅದರ ಕಾರಣವನ್ನು ಎಲ್ಲಿ ಅರಸಬೇಕು? ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ದೊರೆಯುವ ಉತ್ತರದಿಂದ ಒಂದು ಕುಟುಂಬವು ಬಸದಿಯೊಡನೆ ಉಳಿಯುವುದೂ ಉಂಟು, ದೂರ ಸರಿಯುವುದೂ ಉಂಟು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸುತ್ತಣ ಎರೆಹೊಲಗಳಲ್ಲಿ ಹಿಂಗಾರಿ ಮಳೆ ಕೈಕೊಟ್ಟ ವರ್ಷ ಬಿಳಿಜೋಳ ಕೈಗೆ ಹತ್ತುವುದಿಲ್ಲ. ಅನೇಕರು ಗೋವೆಗೂ ಮಹಾರಾಷ್ಟ್ರಕ್ಕೂ ಗುಳೆ ಹೋಗುತ್ತಾರೆ. ಹಾಗೆ ಹೋದ ಗೃಹಸ್ಥನೊಬ್ಬನನ್ನು ಊಹಿಸಬಹುದು. ಫಾಲ್ಗುಣದ ಅಷ್ಟಾಹ್ನಿಕದಲ್ಲಿ ಅವನು ನಂದೀಶ್ವರ ಪೂಜೆಗೆ ಬರಲಿಲ್ಲ. ದುಡಿಯುವ ಊರಿನಲ್ಲಿ ದೀಪ ಹಚ್ಚಿದ ಮೇಲೆ ಉಂಡನೆಂಬ ಸುದ್ದಿಯೂ ಬಂದಿತು. ‘ಇವನಿಗೆ ಧರ್ಮಶ್ರದ್ಧೆಯೇ ಇಲ್ಲ’ ಎಂದು ನೆರೆಯವನು ತೀರ್ಪಿತ್ತನು. ಹೊತ್ತು ಮುಳುಗುವವರೆಗೆ ಬಿಡುವು ಕೊಡದ ಕೆಲಸವಾಗಲಿ, ಮನೆಯ ಮೇಲಿನ ಸಾಲವಾಗಲಿ ಆ ತೀರ್ಪಿನೊಳಗೆ ಬರಲಿಲ್ಲ. ಅದೇ ನೆರೆಯವನು ತನ್ನ ಏಕಾಶನವನ್ನು ನಡುವೆ ಬಿಟ್ಟಾಗ, ‘ಬಿಸಿಲು ಹೆಚ್ಚು, ಪಿತ್ತವೆದ್ದಿತು’ ಎನ್ನುತ್ತಾನೆ. ಪರರ ತಪ್ಪಿಗೆ ಸ್ವಭಾವ, ತನ್ನ ತಪ್ಪಿಗೆ ಸನ್ನಿವೇಶ: ಇದು ಎರಡು ತಕ್ಕಡಿಗಳ ವ್ಯಾಪಾರ.

ಸನ್ನಿವೇಶವನ್ನು ಮರೆತು ಪರರ ನಡತೆಯನ್ನೆಲ್ಲ ಸ್ವಭಾವಕ್ಕೇ ಹೊರಿಸುವ ಈ ಒಲವನ್ನು ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ಮೂಲಭೂತ ದೋಷವೆಂದೇ ಕರೆದರು. 1984ರಲ್ಲಿ ಪ್ರಕಟವಾದ ಜೋನ್ ಮಿಲ್ಲರ್ ಅವರ ಅಧ್ಯಯನವು ಅಮೆರಿಕದವರನ್ನೂ ಮೈಸೂರಿನ ಹಿಂದೂಗಳನ್ನೂ ಹೋಲಿಸಿತು. ಕಾರಣ ಹೇಳುವಾಗ ಅಮೆರಿಕದ ವಯಸ್ಕರು ಸ್ವಭಾವವನ್ನೂ ಮೈಸೂರಿನ ವಯಸ್ಕರು ಸನ್ನಿವೇಶವನ್ನೂ ಹೆಚ್ಚಾಗಿ ಎತ್ತಿದರು. ಎಳೆಯ ಮಕ್ಕಳಲ್ಲಿ ಈ ಅಂತರವು ಅಷ್ಟಾಗಿ ಕಾಣಲಿಲ್ಲ. ಆದ್ದರಿಂದ ಇದು ಬಹುಮಟ್ಟಿಗೆ ಬೆಳೆಯುತ್ತ ಕಲಿತ ಅಭ್ಯಾಸ. ಕಲಿತದ್ದನ್ನು ತಿದ್ದಿಕೊಳ್ಳಲೂ ಬಹುದು.

ತಿದ್ದುವ ದಾರಿ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿಯೇ ಇದೆ. ಅಜ್ಞರಿಂದಲೂ ಅಶಕ್ತರಿಂದಲೂ ಧರ್ಮಮಾರ್ಗಕ್ಕೆ ಬಂದ ನಿಂದೆಯನ್ನು ಹೋಗಲಾಡಿಸುವುದು ಉಪಗೂಹನವೆಂದು ರತ್ನಕರಂಡಕದಲ್ಲಿ ಸಮಂತಭದ್ರಾಚಾರ್ಯರ ಅಭಿಪ್ರಾಯ. ಎಡವಿದವನು ದುಷ್ಟನೇ ಆಗಬೇಕಿಲ್ಲ, ಅಶಕ್ತನೂ ಆಗಿರಬಹುದೆಂಬ ವಿವೇಕ ಇಲ್ಲಿದೆ. ಸ್ಥಿತಿಕರಣಕ್ಕೆ ಪ್ರಸಿದ್ಧರಾದ ವಾರಿಷೇಣ ಮುನಿಗಳು, ದೀಕ್ಷೆಯಾಗಿ ಹನ್ನೆರಡು ವರ್ಷ ಕಳೆದರೂ ಪತ್ನಿಯನ್ನು ಮರೆಯಲಾರದ ಪುಷ್ಪಡಾಲನನ್ನು ಹಳಿದು ಹೊರದೂಡಲಿಲ್ಲ. ಅವನ ಮನಸ್ಸು ಸಿಕ್ಕಿಕೊಂಡ ಎಡೆಯನ್ನರಿತು, ತಾವು ತೊರೆದ ಅರಮನೆಯ ವೈಭವವನ್ನು ತೋರಿಸಿ, ಚಾರಿತ್ರದಲ್ಲಿ ಮರಳಿ ನಿಲ್ಲಿಸಿದರು.

ಹಾಗಾದರೆ ರಾತ್ರಿಭೋಜನವು ದೋಷವಲ್ಲವೇ? ದೋಷವೇ ಸರಿ. ಕಾರಣವನ್ನು ಅರಿಯುವುದೆಂದರೆ ದೋಷವನ್ನು ಗುಣವೆನ್ನುವುದಲ್ಲ. ಕಾರ್ಯಕ್ಕೆ ಉಪಾದಾನವೂ ಉಂಟು, ನಿಮಿತ್ತವೂ ಉಂಟು. ಪರರ ದೋಷದಲ್ಲಿ ಮೊದಲು ನಿಮಿತ್ತವನ್ನೂ, ತನ್ನ ದೋಷದಲ್ಲಿ ಮೊದಲು ಉಪಾದಾನವನ್ನೂ ನೋಡುವುದು ಶ್ರಾವಕನಿಗೆ ಉಚಿತ. ಪ್ರತಿಕ್ರಮಣದಲ್ಲಿ ಒಪ್ಪಿಕೊಳ್ಳಬೇಕಾದದ್ದು ತನ್ನ ದೋಷವನ್ನೇ ಹೊರತು ನೆರೆಯವನದನ್ನಲ್ಲ.

ಗುಳೆ ಹೋದವನು ಮರಳಿ ಬಂದ ದಿನ ‘ಏಕೆ ಉಂಡೆ?’ ಎನ್ನುವ ಬದಲು ‘ಅಲ್ಲಿ ಹೇಗಿದ್ದಿ?’ ಎಂದು ಕೇಳಿದರೆ, ಬಿಟ್ಟುಹೋದ ವ್ರತವನ್ನು ಮತ್ತೆ ಹಿಡಿಯಲು ಅವನಿಗೊಂದು ಬಾಗಿಲು ತೆರೆದಿರುತ್ತದೆ.