ದೇವರ ಚಿತ್ತವೋ, ನಮ್ಮ ಉದಾಸೀನವೋ?



ಹಲವು ವರ್ಷಗಳ ಹಿಂದೆ ಒಂದೇ ಭಾನುವಾರ ಎರಡು ಹಸುಗೂಸುಗಳಿಗೆ ಜ್ಞಾನಸ್ನಾನ ನೀಡಿದೆ. ಒಂದು ದೇವಾಲಯದ ಎದುರಿನ ದೊಡ್ಡ ಮನೆಯದು, ಇನ್ನೊಂದು ತೋಟದ ಕೂಲಿ ಲೈನಿನದು. ಅದೇ ನೀರು, ಅದೇ ಪ್ರಾರ್ಥನೆ. ಹದಿನಾಲ್ಕು ತಿಂಗಳ ನಂತರ ಎರಡನೆಯ ಮಗುವನ್ನು ಮಣ್ಣು ಮಾಡಿದೆವು. ವಾಂತಿಭೇದಿ ಎಂದರು. ಸಮಾಧಿಯ ಬಳಿ ಆ ತಾಯಿಗೆ, "ಎಲ್ಲವೂ ದೇವರ ಚಿತ್ತ" ಎಂದೆ. ಅವಳು ಮರುಮಾತಾಡಲಿಲ್ಲ. ಲೈನಿನವರು ಕುಡಿಯುವ ನೀರು ಎಲ್ಲಿಯದು, ಬಸುರಿಯಲ್ಲಿ ಅವಳು ಏನುಂಡಳು, ಮಗುವಿನ ತೂಕ ಎಷ್ಟಿತ್ತು ಎಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ನಮ್ಮ ಕೈಮೀರಿದ್ದನ್ನು ದೇವರಿಗೆ ಒಪ್ಪಿಸುವುದು ವಿಶ್ವಾಸ. ನಾವು ಮಾಡಬಹುದಾಗಿದ್ದನ್ನು ಮಾಡದೆ, ಅದರ ಫಲವನ್ನು ದೇವರ ಮೇಲೆ ಹೊರಿಸುವುದನ್ನು ಏನೆಂದು ಕರೆಯೋಣ?

ಈ ಪ್ರಶ್ನೆಯನ್ನು ಕೃತಿಯಲ್ಲಿ ಉತ್ತರಿಸಿದವರು ರಜನೀಕಾಂತ್ ಮತ್ತು ಮೇಬಲ್ ಆರೋಳೆ ಎಂಬ ಕ್ರೈಸ್ತ ವೈದ್ಯ ದಂಪತಿಗಳು. ವೆಲ್ಲೂರಿನಲ್ಲಿ ಓದಿದ ಅವರು ಮೊದಲು ಆಸ್ಪತ್ರೆಯೊಂದರಲ್ಲಿ ದುಡಿದರು. ಗುಣಮುಖರಾಗಿ ಹೋದವರು ಅದೇ ರೋಗಗಳೊಡನೆ ಮರಳಿ ಬರುವುದನ್ನು ಕಂಡು, ರೋಗದ ಬೇರು ಹಳ್ಳಿಯಲ್ಲಿದೆ ಎಂದು ಅರಿತರು. 1970ರಲ್ಲಿ ಮಹಾರಾಷ್ಟ್ರದ ಬರಪೀಡಿತ ಜಾಮಖೇಡಕ್ಕೆ ಬಂದರು. ಊರಿನವರೇ ಆರಿಸಿದ ಹೆಂಗಸರನ್ನು ಆರೋಗ್ಯ ಕಾರ್ಯಕರ್ತೆಯರನ್ನಾಗಿ ತರಬೇತುಗೊಳಿಸಿದರು. ಅವರಲ್ಲಿ ಅನೇಕರು ಅಕ್ಷರ ಬಾರದವರು, ದಲಿತರು. ಮಕ್ಕಳನ್ನು ತೂಗುವುದು, ಗರ್ಭಿಣಿಯರನ್ನು ನೋಡಿಕೊಳ್ಳುವುದು, ಭೇದಿಗೆ ಉಪ್ಪು ಸಕ್ಕರೆಯ ನೀರು ಕುಡಿಸುವುದು ಇವೆಲ್ಲವನ್ನೂ ಅವರು ಮನೆಮನೆಗೆ ಕಲಿಸಿದರು. ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಕುಳಿತು ಉಂಡರು. ಕೊಳವೆಬಾವಿಗಳನ್ನು ದಲಿತರ ಕೇರಿಗಳಲ್ಲಿ ತೋಡಿಸಿದಾಗ, ಮೇಲ್ಜಾತಿಯವರೂ ನೀರಿಗಾಗಿ ಅಲ್ಲಿಗೆ ಬರಬೇಕಾಯಿತು. ಯೋಜನೆಯ ದಾಖಲೆಗಳಂತೆ, 1971ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 176 ಸಾಯುತ್ತಿದ್ದವು. 1990ರ ದಶಕದಲ್ಲಿ ಆ ಸಂಖ್ಯೆ 30ಕ್ಕಿಂತ ಕೆಳಗಿಳಿಯಿತು. 1979ರಲ್ಲಿ ದಂಪತಿಗಳಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಉಪ್ಪು ಸಕ್ಕರೆಯ ನೀರು! ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಅಡುಗೆಮನೆಯಲ್ಲೂ ಅದಿತ್ತು. ಆ ತಾಯಿಗೆ ಹೇಳಿಕೊಡುವ ನೆರೆಯವರು ಇರಲಿಲ್ಲ.

"ಇದೆಲ್ಲ ಸರ್ಕಾರದ ಕೆಲಸವಲ್ಲವೇ?" ಎಂದು ನೀವು ಕೇಳಬಹುದು. ಹೌದು, ಸರ್ಕಾರದ್ದೂ ಹೌದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗ ನಮ್ಮ ತಿರುಮಕೂಡಲು ನರಸೀಪುರವೂ ಅದರಲ್ಲಿತ್ತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಸುಮಾರು 65 ಮಂದಿ ರಕ್ತಹೀನತೆಯುಳ್ಳವರು. ಗರ್ಭಧಾರಣೆಯಿಂದ ಎರಡನೆಯ ಹುಟ್ಟುಹಬ್ಬದವರೆಗಿನ ಸಾವಿರ ದಿನಗಳಲ್ಲಿ ಕುಂಠಿತವಾದ ಬೆಳವಣಿಗೆಯನ್ನು ಮುಂದೆ ಪೂರ್ತಿಯಾಗಿ ಸರಿಪಡಿಸುವುದು ಕಷ್ಟ. ಶಾಲೆಯ ಬಾಗಿಲಿಗೆ ಬರುವ ಮೊದಲೇ ಒಂದು ಮಗು ಹಿಂದುಳಿದಿರುತ್ತದೆ. ಅಂಗನವಾಡಿಯನ್ನು ಸರ್ಕಾರ ಕಟ್ಟಬಲ್ಲದು. ಕೂಲಿಗೆ ಹೋದ ತಾಯಿಯ ಮಗುವನ್ನು ಅಲ್ಲಿಗೆ ಕರೆದೊಯ್ಯುವ ಕೈ ಮಾತ್ರ ಪಕ್ಕದ ಮನೆಯಿಂದಲೇ ಬರಬೇಕು.

ಮಾರ್ಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಯಾಯೀರನ ಮಗಳನ್ನು ಎಬ್ಬಿಸಿದ ನಂತರ, ಅವಳಿಗೆ ಊಟ ಕೊಡಿರೆಂದು ಮನೆಯವರಿಗೆ ಹೇಳುತ್ತಾರೆ. ಜೀವ ಕೊಟ್ಟವರು ಸ್ವಾಮಿ. ಉಣಿಸುವ ಹೊಣೆಯನ್ನು ಸುತ್ತ ನಿಂತವರಿಗೆ ಬಿಟ್ಟರು. ಜ್ಞಾನಸ್ನಾನದ ದಿನ ಮಗುವನ್ನು ಸಮುದಾಯಕ್ಕೆ ಸ್ವಾಗತಿಸುವ ನಾವೂ ಹಾಗೆ ಸುತ್ತ ನಿಂತವರೇ.

ಆ ತಾಯಿ ಈಗ ಎಲ್ಲಿದ್ದಾಳೋ ತಿಳಿಯದು. ಕ್ಷಮೆ ಕೇಳಲು ನನಗೆ ಅವಕಾಶ ಸಿಗಲಿಲ್ಲ. ಆದರೆ ಅಂದಿನಿಂದ, ಜ್ಞಾನಸ್ನಾನದ ಪುಸ್ತಕದಲ್ಲಿ ಹೆಸರು ಬರೆಯುವಾಗಲೆಲ್ಲ ಮಗುವಿನ ತೂಕವನ್ನು ಕೇಳುತ್ತೇನೆ, ಮನೆಯ ನೀರಿನ ಬಗ್ಗೆ ವಿಚಾರಿಸುತ್ತೇನೆ. ನೀವೂ ನಿಮ್ಮ ಬೀದಿಯ ಕೊನೆಯ ಮನೆಯ ಮಗುವಿನ ಬಗ್ಗೆ ಒಮ್ಮೆ ವಿಚಾರಿಸುವಿರಾ?