ಹುಳಿ ಒಂದೇ ಸಾಲದು

ಮಳೆಗಾಲದಲ್ಲಿ ಬ್ರೆಡ್ ಪ್ಯಾಕೆಟ್ ಒಡೆದು ಎರಡು ದಿನ ಹೊರಗಿಟ್ಟರೆ ಸಾಕು, ಅಂಚಿನಲ್ಲಿ ಹಸಿರು ಬೂಷ್ಟು ಕಾಣಿಸಿಕೊಳ್ಳುತ್ತದೆ. ಅದನ್ನು ತಡೆಯಲು ಬೇಕರಿಯವರು ಹಿಟ್ಟಿಗೆ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಬೆರೆಸುತ್ತಾರೆ. ಪ್ಯಾಕೆಟ್ಟಿನ ಹಿಂಬದಿಯಲ್ಲಿ 282 ಎಂದು ಬರೆದಿರುವುದು ಇದನ್ನೇ. ಈ ಕಾವಲು ಕೆಲಸವನ್ನು ಮೊಸರು, ದೋಸೆಹಿಟ್ಟುಗಳನ್ನು ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳಿಗೇ ಒಪ್ಪಿಸಬಾರದೇಕೆ?

ಇಟಲಿಯ ಬಾರಿ ನಗರದ ವಿಜ್ಞಾನಿಗಳು ಹುಳಿಹಿಟ್ಟಿನಿಂದ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು ಬೇರ್ಪಡಿಸಿ, ಅದರಿಂದ ಬ್ರೆಡ್ ಮಾಡಿ ನೋಡಿದರು. ಅವರ ವರದಿ ಬಂದದ್ದು 2000ದಲ್ಲಿ. ಬರೀ ಯೀಸ್ಟ್ ಹಾಕಿದ ಬ್ರೆಡ್ಡಿನಲ್ಲಿ ಎರಡೇ ದಿನಕ್ಕೆ ಕಪ್ಪು ಬೂಷ್ಟು ಎದ್ದಿತು, ಈ ತಳಿ ಸೇರಿಸಿದ್ದರಲ್ಲಿ ಏಳು ದಿನ ತಡೆಯಿತು. ಕುತೂಹಲದ ಸಂಗತಿ ಬೇರೆಯೇ ಇದೆ. ಹಾಗೆಯೇ ಹುಳಿ ಬರಿಸುವ ಇನ್ನೊಂದು ಬ್ಯಾಕ್ಟೀರಿಯ ಸೇರಿಸಿದ ಬ್ರೆಡ್ ಒಂದು ದಿನವೂ ಹೆಚ್ಚು ಬಾಳಲಿಲ್ಲ. ಹುಳಿಯೊಂದೇ ಕಾರಣವಾಗಿದ್ದರೆ ಅದೂ ಬಾಳಬೇಕಿತ್ತಲ್ಲ! ಬಾಳಿಸಿದ ತಳಿ ಲ್ಯಾಕ್ಟಿಕ್ ಆಮ್ಲದ ಜೊತೆಗೆ ಬೂಷ್ಟನ್ನು ತಡೆಯುವ ಫೀನೈಲ್‌ಲ್ಯಾಕ್ಟಿಕ್ ಆಮ್ಲವನ್ನೂ ಸ್ರವಿಸುತ್ತಿತ್ತು.

ಮೊಸರಿನ ಕತೆ ಇನ್ನೂ ಸ್ವಾರಸ್ಯದ್ದು. ಎಷ್ಟೇ ಹುಳಿಯಾಗಿದ್ದರೂ ಮೊಸರಿಗೆ ಬೂಷ್ಟು ಹಿಡಿಯುವುದನ್ನು ನೋಡಿದ್ದೇವೆ. ಆದರೆ ಕೆಲವು ಲ್ಯಾಕ್ಟೊಬ್ಯಾಸಿಲಸ್‌ಗಳಿದ್ದರೆ ಅದು ಹತ್ತಿರ ಸುಳಿಯದು. ವಿಷವನ್ನು ಹುಡುಕಿದ ಡೆನ್ಮಾರ್ಕಿನ ಸಂಶೋಧಕರಿಗೆ ಸಿಕ್ಕಿದ್ದು ಖಾಲಿ ಕಣಜ: ಬ್ಯಾಕ್ಟೀರಿಯಗಳು ಹಾಲಿನಲ್ಲಿರುವ ಅತ್ಯಲ್ಪ ಮ್ಯಾಂಗನೀಸನ್ನೆಲ್ಲ ಬಾಚಿಕೊಂಡಿದ್ದವು, ಬೂಷ್ಟಿಗೆ ಉಳಿದಿರಲಿಲ್ಲ. ಮ್ಯಾಂಗನೀಸ್ ಮತ್ತೆ ಸೇರಿಸಿದ್ದೇ ತಡ, ಬೂಷ್ಟು ಚಿಗುರಿತು. 2020ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ಬಲು ಇಷ್ಟ. ಇಲ್ಲಿ ಕೊಲೆಯಿಲ್ಲ, ಬರೀ ಉಪವಾಸ.

ನಮ್ಮ ರೈತರು ಬೂದಿ ರೋಗಕ್ಕೆ ಹುಳಿ ಮಜ್ಜಿಗೆ ಸಿಂಪಡಿಸುತ್ತಾರೆ. ಹಾಗೆಂದು ಎಲ್ಲ ಬೆಳೆಗೂ ಎಲ್ಲ ರೋಗಕ್ಕೂ ಅದೇ ಮದ್ದು ಎನ್ನಲಾಗದು. ತಳಿಯಿಂದ ತಳಿಗೆ ಗುಣ ಬದಲಾಗುವಾಗ, ಮನೆಮನೆಯ ಮಜ್ಜಿಗೆಯೂ ಒಂದೇ ಥರ ಇರಲಿಕ್ಕಿಲ್ಲ. ‘ನೈಸರ್ಗಿಕ’ ಎಂಬ ಚೀಟಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಕೂಡ ನೈಸರ್ಗಿಕವೇ, ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗುವಂಥದ್ದು.

ಈ ಬ್ಯಾಕ್ಟೀರಿಯಗಳು ಬೂಷ್ಟಿಗಿಂತ ಮೊದಲೇ ಬಂದು ಕೂತಿದ್ದರೆ ಮಾತ್ರ ಕಾಯುತ್ತವೆ. ಬಂದ ಬೂಷ್ಟನ್ನು ಓಡಿಸುವ, ಅದು ಬಿಟ್ಟ ವಿಷವನ್ನು ಪೂರ್ತಿ ಕಳೆಯುವ ಭರವಸೆ ಅವುಗಳಿಂದ ಬೇಡ. ಆದ್ದರಿಂದ ಹಸಿರಾದ ಭಾಗವನ್ನಷ್ಟೇ ಚಿವುಟಿ ಉಳಿದ ಬ್ರೆಡ್ಡನ್ನು ಮಕ್ಕಳ ತಟ್ಟೆಗೆ ಹಾಕಬೇಡಿ. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಹಬ್ಬಿರುತ್ತವೆ. ಪ್ಯಾಕೆಟ್ ಸಮೇತ ಎಸೆದುಬಿಡಿ.