ಸೌವಾರ್ತಿಕನಾದ ಫಿಲಿಪ್ಪನೂ ಅವನ ಕುರಿತಾದ ಐತಿಹ್ಯಗಳೂ

ಭಕ್ತನೊಬ್ಬನನ್ನು ಹೊಗಳುವಾಗ ನಡೆದದ್ದಕ್ಕಿಂತ ಹೆಚ್ಚಾಗಿ ಹೇಳುವದು ಸರಿಯೋ? ನಮ್ಮ ಗ್ರಾಮಸಭೆಗಳಲ್ಲಿ ಹಿರಿಯರೊಬ್ಬರು ಕರ್ತನಲ್ಲಿ ನಿದ್ರೆಹೋದಾಗ, ಇವರು ಒಂದು ದಿನವೂ ಕೋಪಿಸಿಕೊಂಡವರಲ್ಲವೆಂದು ಸಮಾಧಿಯ ಬಳಿಯಲ್ಲಿ ಹೇಳುವದುಂಟು. ಮನೆಯವರು ತಲೆತಗ್ಗಿಸಿ ಕೇಳುತ್ತಾರೆ; ನಿಜವು ಅವರಿಗೆ ಗೊತ್ತು. ಹೇಳಿದವನಲ್ಲಿ ಕಪಟವಿಲ್ಲ, ಪ್ರೀತಿಯೇ ಉಂಟು. ಆದರೂ ಪ್ರೀತಿಯಿಂದ ಹೇಳಿದ ಮಾತ್ರಕ್ಕೆ ಇಲ್ಲದ್ದು ಸತ್ಯವಾಗುವದೋ? ಇದನ್ನು ಫಿಲಿಪ್ಪನ ಚರಿತ್ರೆಯಿಂದ ವಿಚಾರಿಸೋಣ.

ದೇವರ ವಾಕ್ಯವು ಇವನ ವಿಷಯವಾಗಿ ಹೇಳುವದು ಸ್ವಲ್ಪವೇ. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಹಂಚಿಕೆಯೊಳಗೆ ಗ್ರೀಕ್ ಮಾತಾಡುವವರ ವಿಧವೆಯರು ಅಲಕ್ಷ್ಯಕ್ಕೆ ಗುರಿಯಾದಾಗ, ಊಟದ ವಿಚಾರಣೆಗಾಗಿ ಏಳು ಮಂದಿ ನೇಮಿಸಲ್ಪಟ್ಟರು. ಅವರಲ್ಲಿ ಮೊದಲನೆಯ ಹೆಸರು ಸ್ತೆಫನನದು, ಎರಡನೆಯದು ಫಿಲಿಪ್ಪನದು. ಸ್ತೆಫನನು ಕಲ್ಲೆಸೆತದಿಂದ ಸತ್ತ ಮೇಲೆ ಸೌಲನ ಹಿಂಸೆಯಿಂದ ಸಭೆಯವರು ಚದರಿಹೋದರು. ಫಿಲಿಪ್ಪನು ಸಮಾರ್ಯಕ್ಕೆ ಹೋಗಿ, ಯೆಹೂದ್ಯರು ಹೊಕ್ಕುಬಳಕೆ ಮಾಡದ ಆ ಜನರಿಗೆ ಕ್ರಿಸ್ತನನ್ನು ಸಾರಿದನು. ಅಲ್ಲಿ ರೋಗಿಗಳು ಸ್ವಸ್ಥರಾದರೆಂದು ಲೂಕನು ಬರೆಯುತ್ತಾನೆ. ತರುವಾಯ ಗಾಜಕ್ಕೆ ಇಳಿದುಹೋಗುವ ದಾರಿಯಲ್ಲಿ, ರಥದೊಳಗೆ ಯೆಶಾಯನ ಗ್ರಂಥವನ್ನು ಓದುತ್ತಿದ್ದ ಐಥಿಯೋಪ್ಯದ ಕಂಚುಕಿಯ ಬಳಿಗೆ ಓಡಿಹೋಗಿ, ಪಕ್ಕದಲ್ಲಿ ಕೂತು ಅರ್ಥವನ್ನು ಬಿಡಿಸಿ ಹೇಳಿ, ದಾರಿಯ ನೀರಿನಲ್ಲಿಯೇ ದೀಕ್ಷಾಸ್ನಾನ ಮಾಡಿಸಿದನು. ಕಡೆಗೆ ಕೈಸರೈಯದಲ್ಲಿ, ಪ್ರವಾದಿಸುತ್ತಿದ್ದ ನಾಲ್ವರು ಕುಮಾರ್ತೆಯರ ತಂದೆಯಾಗಿ ಕಾಣಿಸುತ್ತಾನೆ.

ಮುಂದಣ ಕಾಲದವರಿಗೆ ಇಷ್ಟು ಸಾಲಲಿಲ್ಲ. ಅವನು ಆಸ್ಯಸೀಮೆಯ ತ್ರಲ್ಲೆಸ್ ಪಟ್ಟಣಕ್ಕೆ ಬಿಷಪನಾದನೆಂದು ಗ್ರೀಕ್ ಸಭೆಯವರು ಹೇಳಿದರು. ಎರಡನೆಯ ಶತಮಾನದ ಅಂತ್ಯದಲ್ಲಿ ಎಫೆಸದ ಪೊಲಿಕ್ರಾತನು, ಹನ್ನೆರಡು ಮಂದಿಯಲ್ಲೊಬ್ಬನಾದ ಅಪೊಸ್ತಲ ಫಿಲಿಪ್ಪನೂ ಅವನ ಕುಮಾರ್ತೆಯರೂ ಹಿಯರಾಪೊಲಿಯಲ್ಲಿ ಮಲಗಿದ್ದಾರೆಂದು ಬರೆದನು. ಹೀಗೆ ಹೆಸರು ಒಂದೇ ಆದದರಿಂದ ಇಬ್ಬರು ಫಿಲಿಪ್ಪರು ಜನರ ನೆನಪಿನಲ್ಲಿ ಬೆರೆತುಹೋದರು. ನಾಲ್ಕನೆಯ ಶತಮಾನದ ಒಂದು ಗ್ರಂಥದಲ್ಲಿ ಚಿರತೆಯೂ ಮೇಕೆಮರಿಯೂ ಮನುಷ್ಯರಂತೆ ಮಾತಾಡಿ ಅಪೊಸ್ತಲ ಫಿಲಿಪ್ಪನನ್ನು ಹಿಂಬಾಲಿಸುತ್ತವೆ.

ಇವುಗಳನ್ನು ಹೇಗೆ ತೂಗಬೇಕು? ಹೆಸರು ತಪ್ಪಿ ಒಬ್ಬನನ್ನು ಇನ್ನೊಬ್ಬನೆಂದು ತಿಳಿದದ್ದು ಪಾಪವಲ್ಲ, ಮರೆವು. ತಪ್ಪೆಂದು ತಿಳಿದ ಮೇಲೂ ಅದನ್ನೇ ಸಾರುವದು ಪಾಪ. ಯಾಕಂದರೆ ನೆರೆಯವರು ನಮ್ಮ ಮಾತುಗಳಲ್ಲಿ ಒಂದನ್ನು ಸುಳ್ಳೆಂದು ಕಂಡರೆ ಉಳಿದವುಗಳನ್ನೂ ನಂಬರು. ಇದಲ್ಲದೆ ಇನ್ನೊಂದು ಹಾನಿಯುಂಟು. ಚಿರತೆಯು ಹಿಂಬಾಲಿಸಿದವನನ್ನು ನೋಡಿ ನಾವು ಆಶ್ಚರ್ಯಪಡುತ್ತೇವೆ, ಆದರೆ ಅವನಂತೆ ನಡೆಯುವದು ನಮ್ಮಿಂದಾಗದೆಂದು ಸುಮ್ಮನಾಗುತ್ತೇವೆ. ವಿಧವೆಯ ತಟ್ಟೆಯನ್ನು ವಿಚಾರಿಸಿದವನನ್ನು ನೋಡಿದರೆ ಹಾಗೆ ತಪ್ಪಿಸಿಕೊಳ್ಳಲಿಕ್ಕಾಗದು.

ಐತಿಹ್ಯಗಳನ್ನು ಕಟ್ಟಿದವರು ಅವನ ಚರಿತ್ರೆಯಲ್ಲಿನ ಅತ್ಯಂತ ದೊಡ್ಡ ಸಂಗತಿಯನ್ನು ಗಮನಿಸದೆ ಹೋದರೆಂದು ತೋರುತ್ತದೆ. ಸ್ತೆಫನನ ಮರಣಕ್ಕೆ ಸಮ್ಮತಿಸಿ ಸಭೆಯನ್ನು ಹಾಳುಮಾಡುತ್ತಿದ್ದ ಆ ಸೌಲನೇ, ಸುಮಾರು 20 ವರುಷಗಳ ಮೇಲೆ ಪೌಲನಾಗಿ ಕೈಸರೈಯಕ್ಕೆ ಬಂದಾಗ, ಫಿಲಿಪ್ಪನ ಮನೆಯಲ್ಲಿ ಇಳುಕೊಂಡನು. ಜೊತೆಗಾರನ ರಕ್ತಕ್ಕೆ ಸಾಕ್ಷಿಯಾಗಿ ನಿಂತವನಿಗೆ ಆ ಮನೆಯ ಬಾಗಿಲು ತೆರೆಯಿತು. ಲೂಕನು ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾನೆ.

ನಮ್ಮ ಸೀಮೆಯಲ್ಲಿಯೂ ಫಿಲಿಪ್ಪನನ್ನು ಹೋಲುವವನೊಬ್ಬನಿದ್ದನು. ಸಮುವೇಲ ಫ್ಲೇವೆಲ್ ಎಂಬ ಕ್ರೈಸ್ತನು ಮೊದಲು ಪರರ ಮನೆಯಲ್ಲಿ ಊಳಿಗ ಮಾಡಿದವನು. ತರುವಾಯ ಲಂಡನ್ ಮಿಶನ್ನಿನವರೊಂದಿಗೆ ಬೆಂಗಳೂರಿನಲ್ಲಿಯೂ ಬಳ್ಳಾರಿಯಲ್ಲಿಯೂ ಬೋಧಕನಾಗಿದ್ದು 1847ರಲ್ಲಿ ತೀರಿಕೊಂಡನು. ಅವನ ಕಾಲದಲ್ಲಿಯೇ, ಜಾನ್ ಹ್ಯಾಂಡ್ಸ್ ಮೊದಲಾದವರ ಪ್ರಯಾಸದಿಂದ, 1831ರೊಳಗೆ ಕನ್ನಡ ಬೈಬಲು ಪೂರ್ಣವಾಗಿ ಅಚ್ಚಾಯಿತು. ಊಳಿಗದವನು ಬೋಧಕನಾದನೆಂಬದೇ ಅವನ ವಿಷಯದಲ್ಲಿ ಸಾಕಾದ ಹೊಗಳಿಕೆ. ಅದಕ್ಕೆ ಅಲಂಕಾರ ಬೇಕಿಲ್ಲ.

ಇಂದು ಬೆಂಗಳೂರಿನಿಂದ ಹೆಬ್ಬಾಳ, ಯಲಹಂಕಗಳ ಮೇಲೆ ಉತ್ತರಕ್ಕೆ ಹೋಗುವ ಹೆದ್ದಾರಿಗೆ ಬಳ್ಳಾರಿ ರಸ್ತೆಯೆಂದೇ ಹೆಸರು. ಅದರಲ್ಲಿ ದಿನವೂ ಸಾವಿರಾರು ಜನರು ಒಬ್ಬರ ಪಕ್ಕದಲ್ಲೊಬ್ಬರು ಕೂತು ಪ್ರಯಾಣ ಮಾಡುತ್ತಾರೆ. ಕಂಚುಕಿಯ ಕೈಯಲ್ಲಿ ಗ್ರಂಥವಿತ್ತು, ತಿಳಿಸಿಕೊಡುವವನು ಮಾತ್ರ ಇರಲಿಲ್ಲ. ನಮ್ಮ ಪಕ್ಕದಲ್ಲಿ ಕೂತವನಿಗೂ ಯಾವದೋ ಕೊರತೆಯಿರಬಹುದು. ನಮಗೆ ಕೇಡು ಮಾಡಿದವನೂ ಒಂದು ಸಂಜೆ ನಮ್ಮ ಮನೆಯ ಬಾಗಿಲಿಗೆ ಬರಬಹುದು. ಸಹೋದರ ಸಹೋದರಿಯರೇ, ಫಿಲಿಪ್ಪನನ್ನು ಸನ್ಮಾನಿಸಬೇಕೆಂದಿದ್ದರೆ ಅವನಿಗೆ ಹೊಸ ಕಥೆಯನ್ನು ಕೂಡಿಸದೆ, ಆ ಹೊತ್ತಿನಲ್ಲಿ ಅವನು ಮಾಡಿದಂತೆ ಮಾಡೋಣ. ಹಿರಿಯರ ಸಮಾಧಿಯ ಬಳಿಯಲ್ಲಿ ನಿಂತಾಗಲೂ, ಅವರು ಕೋಪಿಸಿಕೊಂಡದ್ದುಂಟು, ಕ್ಷಮೆ ಬೇಡಿದ್ದೂ ಉಂಟು ಎಂದು ನಡೆದದ್ದನ್ನು ನಡೆದಂತೆ ಹೇಳೋಣ. ಆಗ ಮನೆಯವರು ತಲೆಯೆತ್ತಿ ಕೇಳುವರು.